ಮಡಿಸಿಟ್ಟ ನಾಯಕಿ

ನಾಟಕ ಶುರುವಾಗುವ ಮೊದಲು ಒಬ್ಬ ಸದ್ದಿಲ್ಲದೆ ಬಂದು, ರಂಗದ ಮುಂಭಾಗದಲ್ಲಿ ಒಂದು ಕಿಮೋನೊವನ್ನು ಉದ್ದಕ್ಕೆ ಮಡಿಸಿ ಹಾಸಿ ಹೋಗುತ್ತಾನೆ. ಆ ಬಟ್ಟೆಯೇ ನಾಯಕಿ. ಜಪಾನಿನ ‘ಅವೊಯಿ ನೊ ಉಯೆ’ ಎಂಬ ನೋ ನಾಟಕಕ್ಕೆ ಹೆಸರು ಕೊಟ್ಟವಳು, ಗೆಂಜಿ ಎಂಬ ಅರಸುಕುವರನ ಹೆಂಡತಿ, ಕಾಯಿಲೆಯಿಂದ ಹಾಸಿಗೆ ಹಿಡಿದವಳು. ಮೊದಲಿಂದ ಕೊನೆಯವರೆಗೆ ಅವಳ ಪಾತ್ರಕ್ಕೆ ನಟನಿಲ್ಲ, ಮಾತಿಲ್ಲ, ಮುಖವಾಡವೂ ಇಲ್ಲ. ಇರುವುದು ಆ ಒಂದು ಉಡುಪು. ಗೆಂಜಿಯ ಹಳೆಯ ಪ್ರೇಯಸಿ ರೊಕುಜೊ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತ, ಇನ್ನೂ ಬದುಕಿರುವಾಗಲೇ ಪ್ರೇತದ ಹಾಗೆ ಮೈಬಿಟ್ಟು ಬಂದು ಈ ಬಟ್ಟೆಯ ಮೇಲೆ ಎರಗುತ್ತಾಳೆ, ಬೀಸಣಿಗೆಯಿಂದ ಹೊಡೆಯುತ್ತಾಳೆ. ಪೆಟ್ಟು ಬಿದ್ದದ್ದು ರೇಷ್ಮೆಗೆ, ಜುಮ್ಮೆಂದದ್ದು ನೋಡುವವರ ಮೈ. ಆಮೇಲೆ ರೊಕುಜೊ ತನ್ನ ಮೇಲುಡುಪನ್ನು ಕಳಚಿ ತಲೆಯ ಮೇಲೆಳೆದುಕೊಂಡು ಹಿಂದೆ ಸರಿಯುತ್ತಾಳೆ. ಬಟ್ಟೆಯ ಮರೆಯಲ್ಲೇ ಮುಖವಾಡ ಬದಲಾಗಿ, ಹನ್ಯಾ ಎಂಬ ಎರಡು ಕೊಂಬಿನ ರಕ್ಕಸಿಯ ಮುಖ ಹೊರಗೆ ಬರುತ್ತದೆ.

ನೋ ಬಗ್ಗೆ ಬರೆಯುವವರೆಲ್ಲ ಅದರ ಸರಳತೆಯನ್ನು ಕೊಂಡಾಡುತ್ತಾರೆ. ಸೈಪ್ರಸ್ ಹಲಗೆಯ ಚೌಕ ರಂಗ, ನಾಲ್ಕು ಕಂಬ, ಹಿಂಗೋಡೆಯಲ್ಲಿ ಬರೆದ ಒಂದು ಪೈನ್ ಮರ, ಪಕ್ಕದಲ್ಲಿ ಸೇತುವೆಯಂಥ ಹಾದಿ. ಸೀನು ಸೀನರಿ ಏನೂ ಇಲ್ಲ. ದೋಣಿ ಬೇಕೆಂದರೆ ಬಿದಿರಿನ ಒಂದು ಚೌಕಟ್ಟು ತಂದಿಟ್ಟರೆ ಮುಗಿಯಿತು. ಇಷ್ಟು ಕಂಡದ್ದೇ ಝೆನ್, ಮೌನ, ಶೂನ್ಯ ಎಂದು ಪುಟಗಟ್ಟಲೆ ಹರಿಯುತ್ತದೆ. ಈ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಮರದಲ್ಲೂ ಬಣ್ಣದಲ್ಲೂ ಉಳಿಸಿದ ದುಡ್ಡನ್ನೆಲ್ಲ ಇವರು ಬಟ್ಟೆಗೆ ಸುರಿದಿದ್ದಾರೆ. ನೋ ಉಡುಪಿನಷ್ಟು ದುಂದಿನ, ಶ್ರೀಮಂತಿಕೆಯ, ಸಂಕೋಚವೇ ಇಲ್ಲದ ನೇಯ್ಗೆಯನ್ನು ಬೇರೆ ಯಾವ ರಂಗಭೂಮಿಯಲ್ಲೂ ನಾನು ಕಂಡಿಲ್ಲ. ಸನ್ಯಾಸಿಯ ಗುಡಿಸಲಿನಲ್ಲಿ ಅರಸನ ಕಪಾಟು.

ಒಳ್ಳೆಯ ಬಟ್ಟೆ ಕಂಡರೆ ಅಂಚು ತಿರುವಿ ಹಿಂಬದಿ ನೋಡುವುದು ನನ್ನ ಚಟ. ನೇಕಾರ ಎಲ್ಲಿ ಕಳ್ಳಾಟ ಆಡಿದ್ದಾನೆ, ಎಲ್ಲಿ ತಾಳ್ಮೆ ತೋರಿದ್ದಾನೆ ಎನ್ನುವುದೆಲ್ಲ ಅಲ್ಲಿ ಬಯಲಾಗುತ್ತದೆ. ಜಪಾನಿನ ವಸ್ತುಸಂಗ್ರಹಾಲಯಗಳಲ್ಲಿ ಈ ಚಟಕ್ಕೆ ದಾರಿಯಿಲ್ಲ. ತೋಳು ಚಾಚಿದ ಉಡುಪನ್ನು ಅಡ್ಡಗೋಲಿಗೆ ಹಾಕಿ ಗಾಜಿನೊಳಗೆ ನಿಲ್ಲಿಸಿರುತ್ತಾರೆ. ಬೆಳಕೂ ತೀರ ಮಂದ. ಕಣ್ಣು ಹೊಂದಿಕೊಳ್ಳುವ ತನಕ ಏನೂ ಕಾಣದು. ಆಮೇಲೆ ಒಂದೊಂದೇ ಎದ್ದುಬರುತ್ತವೆ: ಹಿಮ ಹೊತ್ತು ಬಾಗಿದ ವಿಲ್ಲೊ ಕೊಂಬೆ, ಬೇಲಿಗೆ ಒರಗಿದ ಸೇವಂತಿಗೆ, ಆಸ್ಥಾನದ ಬಂಡಿಯ ಗಾಲಿ, ಚೆಲ್ಲಿದ ಬೀಸಣಿಗೆಗಳು, ಹೊಳೆಯಲ್ಲಿ ತೇಲುವ ತೆಪ್ಪ, ಶರತ್ಕಾಲದ ಹುಲ್ಲು.

ಇಷ್ಟೆಲ್ಲ ವೈಭವ ಮೊದಲಿನಿಂದ ಇರಲಿಲ್ಲ. 14ನೇ ಶತಮಾನದ ಕೊನೆಯ ಭಾಗದಲ್ಲಿ ಕನಾಮಿ ಮತ್ತು ಅವನ ಮಗ ಝೆಯಾಮಿ ಕ್ಯೋಟೊದಲ್ಲಿ ಆಡುತ್ತಿದ್ದಾಗ ಅವರದು ಊರೂರು ತಿರುಗುವ ಮೇಳ. ಉಟ್ಟದ್ದು ಆ ಕಾಲದ ಜನ ಉಡುವ ಬಟ್ಟೆಯೇ. ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ಆಗಿದ್ದ ಹದಿಹರೆಯದ ಅಶಿಕಾಗ ಯೊಶಿಮಿತ್ಸು ಇವರ ಆಟ ನೋಡಿ ಮರುಳಾದ ಮೇಲೆ ಮೇಳದ ದೆಸೆ ತಿರುಗಿತು. ಮೆಚ್ಚಿದ ಶ್ರೀಮಂತ ತಾನು ತೊಟ್ಟಿದ್ದ ಉಡುಪನ್ನೇ ಅಲ್ಲೇ ಕಳಚಿ ನಟನಿಗೆ ಕೊಡುವ ಪದ್ಧತಿ ಬೆಳೆಯಿತು. ಒಬ್ಬ ಕಳಚಿದರೆ ಪಕ್ಕದವನು ಸುಮ್ಮನಿರಲಾದೀತೆ? ಹೀಗೆ ದೊರೆಗಳ ಮೈಮೇಲಿನ ರೇಷ್ಮೆ ನಟರ ಪೆಟ್ಟಿಗೆ ಸೇರಿತು. ಮುಂದೆ 1593ರಲ್ಲಿ ಟೊಯೊಟೊಮಿ ಹಿದೆಯೊಶಿಯಂತೂ ಚಕ್ರವರ್ತಿಯ ಅರಮನೆಯಲ್ಲಿ ತಾನೇ ವೇಷ ಕಟ್ಟಿ ಕುಣಿದ. ಜಪಾನನ್ನು ಒಂದು ಮಾಡಿದ ದಂಡನಾಯಕ, ಬಡವರ ಮನೆಯಲ್ಲಿ ಹುಟ್ಟಿದವನು. ಅಂಥವನಿಗೆ ಚಿನ್ನದ ಹುಚ್ಚು ಎಷ್ಟಿದ್ದರೂ ತಪ್ಪು ಹೇಳುವಂತಿಲ್ಲ. ಟೊಕುಗಾವ ಶೋಗನ್ನರ ಕಾಲಕ್ಕೆ ನೋ ಸರ್ಕಾರಿ ಸಮಾರಂಭದ ಕಲೆಯಾಯಿತು. ಪ್ರತಿಯೊಬ್ಬ ದೊಡ್ಡ ಪಾಳೆಯಗಾರನೂ ನಟರನ್ನೂ ಮುಖವಾಡಗಳನ್ನೂ ಉಡುಪಿನ ಉಗ್ರಾಣವನ್ನೂ ಇಟ್ಟುಕೊಳ್ಳಬೇಕಾಯಿತು. ಈ ಪೈಪೋಟಿಯ ಲಾಭ ಹೋದದ್ದು ಕ್ಯೋಟೊದ ನಿಶಿಜಿನ್ ನೇಕಾರರಿಗೆ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧ ಊರನ್ನು ಸುಟ್ಟು ಬೂದಿ ಮಾಡಿದಾಗ ಓಡಿಹೋಗಿದ್ದ ನೇಕಾರರು, ಯುದ್ಧ ಮುಗಿದ ಮೇಲೆ ಹಿಂದಿರುಗಿ ಪಶ್ಚಿಮದ ದಂಡು ಬೀಡುಬಿಟ್ಟಿದ್ದ ಜಾಗದಲ್ಲೇ ಮಗ್ಗ ಹೂಡಿದ್ದರು.

ಅವರ ಕೈಯ ಪರಾಕಾಷ್ಠೆ ಎಂದರೆ ಕರಾಓರಿ. ಹೆಣ್ಣು ಪಾತ್ರಗಳ ಮೇಲುಡುಪು ಇದು. ದೂರದಿಂದ ನೋಡಿದವರು ಕಸೂತಿ ಎಂದು ಪ್ರಮಾಣ ಮಾಡಿ ಹೇಳುತ್ತಾರೆ. ಹೊಲಿಗೆಯ ಒಂದು ಎಳೆಯೂ ಇದರಲ್ಲಿಲ್ಲ, ಪೂರ್ತಿ ನೇಯ್ಗೆ. ಹುರಿ ಮಾಡದ ಹೊಳಪಿನ ರೇಷ್ಮೆಯ ಹೊಕ್ಕನ್ನು ಹಾಸಿನ ಹಲವು ಎಳೆಗಳ ಮೇಲಿಂದ ಸಡಿಲವಾಗಿ ತೇಲಿಸಿ ಹೂವು ಮೂಡಿಸುತ್ತಾರೆ. ಅದಕ್ಕೇ ದಳಗಳು ಬಟ್ಟೆಯಿಂದ ಉಬ್ಬಿ ನಿಲ್ಲುತ್ತವೆ. ನೆಲದ ಬಣ್ಣವೂ ಒಂದೇ ಇರಬೇಕಿಲ್ಲ; ಹಾಸನ್ನು ಮೊದಲೇ ತುಂಡುತುಂಡಾಗಿ ಬಣ್ಣಕ್ಕೆ ಅದ್ದಿ, ಕೆಂಪು ಚೌಕ, ಬಿಳಿ ಚೌಕ, ಹಸಿರು ಚೌಕ ಬರುವಂತೆ ನೇಯುತ್ತಾರೆ. ಆ ಚೌಕಗಳ ಗಡಿಯಲ್ಲಿ ಬಣ್ಣ ಒಂದಿಷ್ಟು ಕದಡಿರುತ್ತದೆ. ನನಗೆ ಇಡೀ ಉಡುಪಿನಲ್ಲಿ ಹೆಚ್ಚು ಇಷ್ಟವಾಗುವುದು ಆ ಕದಡಿದ ಗಡಿ.

ಕರಾಓರಿಯಲ್ಲಿ ಕೆಂಪು ಇದೆಯೋ ಇಲ್ಲವೋ ಎನ್ನುವುದು ಮೊದಲು ಕೇಳಬೇಕಾದ ಪ್ರಶ್ನೆ. ಇದ್ದರೆ ಹೆಣ್ಣಿನದು ಹರೆಯ. ಇಲ್ಲದಿದ್ದರೆ ಅವಳು ನಡುವಯಸ್ಸು ದಾಟಿದವಳು, ಮಗುವನ್ನು ಕಳೆದುಕೊಂಡ ತಾಯಿ, ಇಲ್ಲವೇ ಮುದುಕಿ. ಮುಖವಾಡದ ಸುಕ್ಕು ಹಿಂದಿನ ಸಾಲಿಗೆ ಕಾಣದು, ಕೆಂಪಿನ ಗೈರುಹಾಜರಿ ಕಾಣುತ್ತದೆ. ಕತ್ತಿನ ಪಟ್ಟಿಯ ಬಣ್ಣಕ್ಕೂ ಲೆಕ್ಕವಿದೆ: ಬಿಳಿಯದು ಎಲ್ಲಕ್ಕಿಂತ ಮೇಲು. ಬಲತೋಳನ್ನು ಉಡುಪಿನಿಂದ ಹೊರತೆಗೆದು ಹಿಂದಕ್ಕೆ ಇಳಿಬಿಟ್ಟು, ಕೈಯಲ್ಲಿ ಎಲೆಯಿರುವ ಬಿದಿರಿನ ಕೊಂಬೆ ಹಿಡಿದು ಬಂದಳೆಂದರೆ ಅವಳ ಬುದ್ಧಿ ದುಃಖದಿಂದ ಕದಡಿದೆ. ಅಳುವ ಅಗತ್ಯವೇ ಇಲ್ಲ.

ಈ ಕೆಂಪಿನ ಮೂಲ ನಮ್ಮ ಉತ್ತರ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವ ಗಿಡ: ಕುಸುಬಿ. ನಾವು ಅದರ ಬೀಜ ಹಿಂಡಿ ಎಣ್ಣೆ ತೆಗೆದೆವು; ಜಪಾನೀಯರು ಹೂವಿಗೆ ಕೈಹಾಕಿದರು. ಹೂವಿನ ದಳದಲ್ಲಿ ಹಳದಿಯೂ ಇದೆ, ಕೆಂಪೂ ಇದೆ. ಹಳದಿಯನ್ನು ನೀರಿನಲ್ಲಿ ತೊಳೆದು ಕಳೆದು, ಬೂದಿಯ ತಿಳಿಯಲ್ಲಿ ಕೆಂಪನ್ನು ಬಿಡಿಸಿಕೊಂಡು, ಪ್ಲಮ್ ಹಣ್ಣಿನ ಹುಳಿ ಕೂಡಿಸಿ ರೇಷ್ಮೆಗೆ ಕೂರಿಸಬೇಕು. ಗಾಢವಾಗಬೇಕಾದರೆ ಮತ್ತೆ ಮತ್ತೆ ಅದ್ದಬೇಕು. ಉತ್ತರದ ಮೊಗಾಮಿ ಸೀಮೆಯಲ್ಲಿ ಬೆಳೆದ ಈ ಹೂವು ಕ್ಯೋಟೊಗೆ ಹೋಗುತ್ತಿತ್ತು. ಇಷ್ಟು ಕಷ್ಟಪಟ್ಟು ಏರಿಸಿದ ಬಣ್ಣ ಬೆಳಕಿಗೆ ತಡೆಯದು, ವರ್ಷ ಕಳೆದಂತೆ ಮಾಸುತ್ತದೆ. ವಸ್ತುಸಂಗ್ರಹಾಲಯದ ಮಂದ ಬೆಳಕನ್ನು ಬೈದುಕೊಂಡಿದ್ದ ನಾನು ಇದು ತಿಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಕರಾಓರಿಯ ಒಳಗೆ ಇನ್ನೂ ಪದರಗಳಿವೆ. ಮೈಗೆ ತಾಗಿದಂತೆ ತೊಡುವ ಸುರಿಹಾಕು ಎಂಬ ಉಡುಪಿನ ಮೇಲೆ ಕಾಗದದ ಅಚ್ಚಿಟ್ಟು, ಅಂಟು ಬಳಿದು, ಚಿನ್ನ ಅಥವಾ ಬೆಳ್ಳಿಯ ರೇಕು ಕೂರಿಸಿರುತ್ತಾರೆ. ಎದೆಯ ಹತ್ತಿರ ಕಾಣುವುದು ಅದರ ಒಂದು ಕಿರುತ್ರಿಕೋನ ಮಾತ್ರ. ಹೊಟ್ಟೆಕಿಚ್ಚಿನ ಹೆಣ್ಣಿಗೆ ಸುರಿಹಾಕಿನ ತುಂಬ ತ್ರಿಕೋನಗಳು, ಹಾವಿನ ಪೊರೆಯ ಲೆಕ್ಕದಲ್ಲಿ. ‘ದೋಜೋಜಿ’ ನಾಟಕದಲ್ಲಿ ಚೆಂದದ ನರ್ತಕಿಯಾಗಿ ದೇವಾಲಯಕ್ಕೆ ಬಂದವಳು ದೊಡ್ಡ ಗಂಟೆಯೊಳಕ್ಕೆ ಹಾರುತ್ತಾಳೆ, ಗಂಟೆ ಧೊಪ್ಪೆಂದು ಅವಳ ಮೇಲೆ ಬೀಳುತ್ತದೆ. ಆ ಕತ್ತಲೊಳಗೆ, ಯಾರ ನೆರವೂ ಇಲ್ಲದೆ, ನಟ ಒಬ್ಬನೇ ಮುಖವಾಡವನ್ನೂ ಉಡುಪನ್ನೂ ಬದಲಾಯಿಸಿಕೊಳ್ಳಬೇಕು. ಗಂಟೆ ಮೇಲೆದ್ದಾಗ ಒಳಗಿರುವುದು ಸರ್ಪ. ಆದರೆ ಕಣ್ಣು ಚುರುಕಿದ್ದವನಿಗೆ ಅವಳು ನಗುನಗುತ್ತ ಬಂದಾಗಲೇ ಕೊರಳ ಕೆಳಗೆ ಆ ಪೊರೆ ಇಣುಕಿದ್ದು ಕಂಡಿರುತ್ತದೆ. ಕಥೆಯ ಗುಟ್ಟನ್ನು ಬಟ್ಟೆ ಮೊದಲೇ ಹೇಳಿಬಿಟ್ಟಿರುತ್ತದೆ.

ಗಂಟೆಯೊಳಗಿನ ಈ ಸಾಹಸ ಯಾಕೆ ಅಷ್ಟು ದೊಡ್ಡದೆಂದರೆ, ಮಿಕ್ಕ ಹೊತ್ತು ನೋ ನಟ ತನ್ನ ಬಟ್ಟೆ ತಾನು ಹಾಕಿಕೊಳ್ಳುವುದೇ ಇಲ್ಲ. ಹತ್ತಿ ತುಂಬಿದ ಒಳಅಂಗಿ ತೊಟ್ಟು ಅವನು ನಿಲ್ಲುತ್ತಾನೆ. ಅದು ಬೆವರು ಹೀರುತ್ತದೆ, ಮೈಯ ಆಕಾರವನ್ನು ಮರೆಸುತ್ತದೆ. ಮುಂದೊಬ್ಬ ಹಿಂದೊಬ್ಬ ನಿಂತು ಪದರದ ಮೇಲೆ ಪದರ ಹೊದಿಸಿ, ಹಗ್ಗ ಬಿಗಿದು, ಜಾರಬಾರದ ಕಡೆ ಸೂಜಿದಾರದಿಂದ ಹೊಲಿದೇಬಿಡುತ್ತಾರೆ. ಆಟ ಮುಗಿದ ಮೇಲೆ ದಾರ ಕತ್ತರಿಸಿದರೆ ಬಿಡುಗಡೆ. ಕೊನೆಗೆ ಕನ್ನಡಿಯ ಕೋಣೆಯಲ್ಲಿ ಕುಳಿತು, ಮುಖವಾಡಕ್ಕೆ ತಲೆಬಾಗಿ, ಅದನ್ನು ಮುಖಕ್ಕೆ ಕಟ್ಟಿಸಿಕೊಳ್ಳುತ್ತಾನೆ. ಮುಖವಾಡ ಮುಖಕ್ಕಿಂತ ಚಿಕ್ಕದು; ಹದಿನಾರರ ಹುಡುಗಿಯ ಮುಖದ ಕೆಳಗೆ ಅರುವತ್ತರ ಗಂಡಸಿನ ಗದ್ದ ಧಾರಾಳವಾಗಿ ಕಾಣುತ್ತದೆ. ಯಾರೂ ಅದನ್ನು ಮುಚ್ಚುವ ಗೋಜಿಗೆ ಹೋಗುವುದಿಲ್ಲ. (1948ರಿಂದ ಹೆಂಗಸರಿಗೂ ವೃತ್ತಿನಟರ ಸಂಘದಲ್ಲಿ ಜಾಗ ಸಿಕ್ಕಿದೆ, ಈಗಲೂ ಅವರ ಸಂಖ್ಯೆ ಕಡಿಮೆ.) ಕಣ್ಣಿನ ತೂತಿನಿಂದ ಏನೂ ಸರಿಯಾಗಿ ಕಾಣದೆ, ಕಂಬಗಳ ಅಂದಾಜಿನ ಮೇಲೆ, ಪಾದ ಎತ್ತದೆ ಹಲಗೆಗೆ ಉಜ್ಜುತ್ತ ಅವನು ಬರುವಾಗ, ಆ ಗಟ್ಟಿ ರೇಷ್ಮೆಯೊಳಗೆ ಮನುಷ್ಯ ಇದ್ದಾನೆಂದೇ ಅನ್ನಿಸುವುದಿಲ್ಲ. ರಥಬೀದಿಯಲ್ಲಿ ತೇರು ಸರಿದು ಬರುವುದನ್ನು ನೋಡಿದವರಿಗೆ ಆ ನಡೆ ಥಟ್ಟನೆ ಗೊತ್ತಾಗುತ್ತದೆ.

ದೆವ್ವ, ಸಿಂಹ, ದೇವತೆಗಳದು ಬೇರೆ ದರ್ಬಾರು. ಚಿನ್ನದ ನೂಲಿನ ದಪ್ಪ ಜರಿ, ಹಲಗೆಯಷ್ಟು ಬಿರುಸಾದ ಅಗಲ ಷರಾಯಿ, ಬೆನ್ನಿನುದ್ದಕ್ಕೂ ಇಳಿಬಿದ್ದ ಕೆಂಪು, ಬಿಳಿ ಅಥವಾ ಕಪ್ಪು ಕೂದಲು. ಆ ಕೂದಲು ಚಮರೀಮೃಗದ್ದು. ನಮ್ಮ ದೇವರಿಗೆ ಬೀಸುವ ಚಾಮರವೂ ಅದೇ ಪ್ರಾಣಿಯ ಬಾಲ. ಹಿಮಾಲಯದ ಆಚೆಯ ಯಾಕ್‌ಗೆ ಇತ್ತ ಗರ್ಭಗುಡಿ, ಅತ್ತ ರಂಗಮಂದಿರ. ‘ಶೋಜೊ’ ನಾಟಕದ ಕುಡುಕ ಜಲದೇವತೆಗಂತೂ ಕೂದಲು, ಮುಖವಾಡ, ಅಂಗಿ, ಷರಾಯಿ ಎಲ್ಲವೂ ಕೆಂಪು. ಅಷ್ಟೊಂದು ಕೆಂಪು ಒಂದೇ ಮೈಮೇಲೆ ಹೊಂದಿಕೊಳ್ಳುವುದು ಮದಿರೆಯ ಮಹಿಮೆಯೇ ಇರಬೇಕು.

ಉಡುಪೇ ಕಥೆಯಾದ ನಾಟಕವೂ ಇದೆ. ‘ಹಗೊರೊಮೊ’ದಲ್ಲಿ ಮಿಹೊ ಕಡಲತೀರದ ಬೆಸ್ತನೊಬ್ಬನಿಗೆ ಪೈನ್ ಮರದ ಮೇಲೆ ಅಪ್ಸರೆಯ ಗರಿಯ ಉಡುಪು ಸಿಗುತ್ತದೆ. ಅದಿಲ್ಲದೆ ಅವಳು ಆಕಾಶಕ್ಕೆ ಮರಳಲಾರಳು. ನರ್ತನ ಮಾಡಿ ತೋರಿಸಿದರೆ ಕೊಡುತ್ತೇನೆ ಎಂದು ಇವನ ಚೌಕಾಸಿ. ಗರಿಯ ಜಾಗದಲ್ಲಿ ನೋ ಬಳಸುವುದು ಚೋಕೆನ್ ಎಂಬ, ಅಸ್ತರಿಲ್ಲದ, ಜಾಲರಿಯಂಥ ತೆಳು ರೇಷ್ಮೆಯ ನೀಳ ಅಂಗಿ. ರಂಗದ ಮೇಲೇ, ನಮ್ಮ ಕಣ್ಣೆದುರೇ, ನೆರವಿನವರು ಅದನ್ನು ಅವಳಿಗೆ ತೊಡಿಸುತ್ತಾರೆ. ಅದುವರೆಗೆ ನೆಲಕ್ಕೆ ಅಂಟಿಕೊಂಡಿದ್ದ ಆಕೃತಿಗೆ ತೋಳು ಬೀಸಿದ ಕೂಡಲೇ ಗಾಳಿ ಹತ್ತುತ್ತದೆ. ಹಾರುವುದೆಲ್ಲ ತೋಳಿನ ಬಟ್ಟೆಯ ಕೆಲಸ. ಕಾಲು ನೆಲ ಬಿಡುವುದಿಲ್ಲ. ಎಲೆನ್ ಜ್ಯುಗ್ಲಾರಿಸ್ ಎಂಬ ಫ್ರೆಂಚ್ ನರ್ತಕಿ ಈ ನಾಟಕಕ್ಕೆ ಮನಸೋತು, ಜಪಾನನ್ನು ನೋಡದೆಯೇ, ದೂರದಲ್ಲಿ ಕುಳಿತು ಅದನ್ನು ಅಭ್ಯಾಸ ಮಾಡಿ ಕುಣಿದಳು. 1951ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ತೀರಿಕೊಂಡಳು. ಗಂಡ ಅವಳ ನರ್ತನದ ಉಡುಪನ್ನೂ ಒಂದಿಷ್ಟು ಕೂದಲನ್ನೂ ಹೊತ್ತು ಜಪಾನಿಗೆ ಬಂದ. ಮಿಹೊ ತೀರದಲ್ಲಿ ಅವಳ ನೆನಪಿನ ಕಲ್ಲು ಈಗಲೂ ಇದೆ.

ಎರಡು ನೋ ನಾಟಕಗಳ ನಡುವೆ ಆಡುವ ಕ್ಯೋಗೆನ್ ಪ್ರಹಸನದ ಬಟ್ಟೆಗೆ ಬಂದರೆ ಉಸಿರು ಸಡಿಲವಾಗುತ್ತದೆ. ಇಲ್ಲಿ ರೇಷ್ಮೆಯ ಬಿಂಕವಿಲ್ಲ. ಸೆಣಬಿನ ಒರಟು ನಾರು, ಹಳದಿ ಕಾಲುಚೀಲ. ತಾರೊ ಕಾಜ ಎಂಬ ತರಲೆ ಆಳು ತೊಡುವ ತೋಳಿಲ್ಲದ ಕತಗಿನುವಿನ ಬೆನ್ನಿಗೆ ಒಂದು ದೈತ್ಯ ಮೂಲಂಗಿಯನ್ನೋ, ಬಸವನಹುಳವನ್ನೋ, ಮನೆಯ ಮಾಡಿನ ರಕ್ಕಸಮುಖದ ಹಂಚನ್ನೋ ಬಣ್ಣದಲ್ಲಿ ಮೂಡಿಸಿರುತ್ತಾರೆ. ಒಡೆಯನ ಮುಂದೆ ವಿನಯದಿಂದ ನಿಂತು, ಅವನು ಮಾತು ಮುಗಿಸಿದ್ದೇ ತಾರೊ ತಿರುಗಿದನೆಂದರೆ ನಮಗೆ ಮೂಲಂಗಿಯ ದರ್ಶನ. ಒಡೆಯನ ಬಗ್ಗೆ ಆಳಿನ ಅಭಿಪ್ರಾಯ ಅಷ್ಟರಲ್ಲೇ ತಿಳಿಯುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಮನೆಗೆ ಒಂದನ್ನು ಒಯ್ಯಿ ಎಂದರೆ ನಾನು ಕರಾಓರಿ ಬಿಟ್ಟು ಈ ಮೂಲಂಗಿಯನ್ನೇ ಎತ್ತಿಕೊಂಡು ಬರುತ್ತೇನೆ.

1868ರಲ್ಲಿ ಶೋಗನ್ನರ ಆಳ್ವಿಕೆ ಬಿತ್ತು. ಪಾಳೆಯಗಾರರು ಉಗ್ರಾಣ ಬರಿದುಮಾಡಿದರು, ನಟರು ಅನ್ನಕ್ಕೆ ಬೇರೆ ದಾರಿ ನೋಡಿಕೊಂಡರು. ಟೋಕಿಯೋದಲ್ಲಿ ಉಮೆವಾಕ ಮಿನೊರು ಎಂಬ ನಟ ಹಟ ಹಿಡಿದು ಆಡುತ್ತ, ಇತರರು ಮಾರಿದ ಉಡುಪುಗಳನ್ನು ಕೊಳ್ಳುತ್ತ ಉಳಿದುಕೊಂಡ. ಉಡುಪಿನಲ್ಲಿ ಬಹಳಷ್ಟು ಕಡಲು ದಾಟಿಹೋಯಿತು. ಕೊಂಡವರಲ್ಲಿ ನನಗೆ ಪ್ರಿಯಳಾದವಳು ಅಮೆರಿಕದ ಲೂಸಿ ಟ್ರೂಮನ್ ಆಲ್ಡ್ರಿಚ್. ಕಿವಿ ಮಂದವಾದ, ಮದುವೆಯಾಗದ, ಹಣವಂತ ಹೆಂಗಸು. ಬಟ್ಟೆಯ ಬೆನ್ನುಹತ್ತಿ ಏಷ್ಯವೆಲ್ಲ ಸುತ್ತಿದವಳು. 1923ರಲ್ಲಿ ಚೀನಾದಲ್ಲಿ ಅವಳಿದ್ದ ರೈಲನ್ನೇ ದರೋಡೆಕೋರರು ನಿಲ್ಲಿಸಿ, ಅವಳನ್ನು ಬೆಟ್ಟಕ್ಕೆ ಹೊತ್ತೊಯ್ದರು. ಬಿಡುಗಡೆಯಾಗಿ ಬಂದವಳು ಅದೇ ವರ್ಷ ‘ಚೀನೀ ದರೋಡೆಕೋರರ ಜೊತೆ ಒಂದು ವಾರಾಂತ್ಯ’ ಎನ್ನುವ ಧಾಟಿಯ ತಲೆಬರಹ ಕೊಟ್ಟು ಪತ್ರಿಕೆಗೆ ಲೇಖನ ಬರೆದಳು! ಅವಳ ನೋ ಉಡುಪುಗಳು ಈಗ ಪ್ರಾವಿಡೆನ್ಸ್ ನಗರದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನ ಸಂಗ್ರಹಾಲಯದಲ್ಲಿವೆ.

ಅದೇ ಕಾಲಘಟ್ಟದಲ್ಲಿ ನಿಶಿಜಿನ್ ಕೂಡ ಬದಲಾಯಿತು. 1872ರಲ್ಲಿ ಮೂವರನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕಳಿಸಿ ಜಕಾರ್ಡ್ ಮಗ್ಗ ತರಿಸಿದರು. ಅವರಲ್ಲೊಬ್ಬ ಹಿಂದಿರುಗುವಾಗ ಹಡಗು ಒಡೆದು ಸತ್ತ. ಹೊಸ ಮಗ್ಗದ ಕರಾಓರಿ ಚೊಕ್ಕಟವಾಗಿದೆ, ಹಳೆಯದರ ಮುಂದೆ ಮಾತ್ರ ತುಸು ಭಾರ. ಕಾರಣ ಮಗ್ಗ ಮಾತ್ರವಲ್ಲ, ಹುಳವೂ. ಇಳುವರಿಗಾಗಿ ಬೆಳೆಸಿದ ಇಂದಿನ ತಳಿಗಳ ನೂಲು ದಪ್ಪ. ಶಿಗಾ ಪ್ರಾಂತದ ನೇಕಾರ ಯಮಗುಚಿ ಅಕಿರ ಟೊಕುಗಾವ ಕಾಲದ ಉಡುಪುಗಳನ್ನು ಮರುಸೃಷ್ಟಿಸಲು ಹೊರಟಾಗ ತಾವೇ ರೇಷ್ಮೆಹುಳ ಸಾಕುವುದರಿಂದ ಶುರುಮಾಡಿದರು. ಅರಮನೆಯಲ್ಲಿ ಸಾಮ್ರಾಜ್ಞಿಯರು ಸಾಕುತ್ತ ಬಂದಿರುವ ಕೊಇಶಿಮಾರು ಎಂಬ ಹಳೆಯ ತಳಿಯ ಸಣ್ಣ ನೂಲೂ ನಾರಾದ ಶೋಸೋಯಿನ್ ಭಂಡಾರದ ಪುರಾತನ ಬಟ್ಟೆಗಳ ಪಡಿಯಚ್ಚಿಗೆ ಒದಗಿದೆ.

ಜಪಾನಿನ ಹುಳಕ್ಕೂ ನಮಗೂ ಹಳೆಯ ನಂಟು. 1890ರ ದಶಕದಲ್ಲಿ ಜಮ್ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಪರಿಣತರನ್ನು ಕರೆಸಿ ರೇಷ್ಮೆ ತೋಟ ಹೂಡಿದರು; ಮುಂದೆ ಅದು ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು. ಬಸವನಗುಡಿಯ ಪಕ್ಕದ ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದಿದೆ, ಹಿಪ್ಪುನೇರಳೆ ಉಳಿದಿಲ್ಲ. 1990ರ ದಶಕದಲ್ಲಿ ಮತ್ತೆ ಜಪಾನಿನ ನೆರವಿನಿಂದಲೇ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಬಿಳಿ ಗೂಡಿನ ದ್ವಿತಳಿ ಬೆಳೆಯನ್ನು ನಮ್ಮ ರೈತರ ಮನೆಗೆ ತಂದಿತು. ರಾಮನಗರದ ಮಾರುಕಟ್ಟೆಯಲ್ಲಿ ಬಿಳಿ ಗೂಡು ತುಂಬಿದ ಬುಟ್ಟಿ ಕಂಡಾಗ ಇದೂ ನೆನಪಿರಲಿ.

ಕಾದಂಬರಿಕಾರ ತಾನಿಜಾಕಿ ಜುನ್‌ಇಚಿರೊ 1933ರಲ್ಲಿ ನೆರಳನ್ನು ಕುರಿತು ಬರೆದ ಹೆಸರಾಂತ ಪ್ರಬಂಧದಲ್ಲಿ, ನೋ ಉಡುಪಿನ ಚಿನ್ನಕ್ಕೆ ಕತ್ತಲೆಯೇ ತಕ್ಕ ಜಾಗ ಎಂದು ವಾದಿಸಿದ್ದಾನೆ. ಇಂದಿನ ನಾಟಕಮಂದಿರಗಳ ಸಮನಾದ ವಿದ್ಯುದ್ದೀಪದಡಿ ಕುಳಿತಾಗ ಅವನ ಮಾತು ಸರಿ ಅನ್ನಿಸುತ್ತದೆ. ದೀಪ ಹೇಗೇ ಇರಲಿ, ಈ ಬಟ್ಟೆಯನ್ನು ನಡೆಯುವ ಮೈಯ ಮೇಲೆ ನೋಡಬೇಕು. ಗಾಜಿನೊಳಗಿನ ಕರಾಓರಿ ಒಳ್ಳೆಯ ಚಿತ್ರ, ಅಷ್ಟೆ. ಜಪಾನಿಗೆ ಹೋಗುವ ಯೋಗ ಬಂದರೆ ಟೋಕಿಯೋದ ಸೆಂದಗಾಯದಲ್ಲಿ 1983ರಲ್ಲಿ ತೆರೆದ ರಾಷ್ಟ್ರೀಯ ನೋ ರಂಗಮಂದಿರವಿದೆ. ಬೇಸಿಗೆಯಾದರೆ ಕ್ಯೋಟೊದ ಕೊಂಗೊ ನೋ ಮಂದಿರದವರು ತಮ್ಮ ಉಡುಪು ಮುಖವಾಡಗಳನ್ನು ಗಾಳಿಗೆ ಹರಡಿ ಜನರಿಗೆ ತೋರಿಸುವ ದಿನ ಯಾವುದೆಂದು ವಿಚಾರಿಸಿ. ನಾಟಕ ಅರ್ಥವಾಗುತ್ತದೋ ಇಲ್ಲವೋ ಎಂಬ ಅಂಜಿಕೆ ಬೇಡ. ಟೋಕಿಯೋದಲ್ಲಿ ಮುಂದಿನ ಆಸನದ ಬೆನ್ನಿಗಿರುವ ಪುಟ್ಟ ಪರದೆ ಮಾತನ್ನು ಇಂಗ್ಲಿಷಿನಲ್ಲಿ ತೋರಿಸುತ್ತದೆ. ನನ್ನ ಸಲಹೆ ಕೇಳಿದರೆ ಅದನ್ನು ಆರಿಸಿಬಿಟ್ಟು ಬಟ್ಟೆ ನೋಡಿ.